ಅಂಗಡಿಯ ಸಿ.ಡಿ.ಯೋ, ಮನೆಯ ಡೌನ್‌ಲೋಡೋ?

ಚಿತ್ರದುರ್ಗದ ಕೋಟೆ ನೋಡಲು ಬಂದವರು ಒನಕೆ ಓಬವ್ವನ ಕಿಂಡಿಯ ಮುಂದೆ ನಿಂತರೆ ಸಾಕು, ಮಾತು ಇತಿಹಾಸದಿಂದ ಸಿನಿಮಾದತ್ತ ಹೊರಳುತ್ತದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ ತೆರೆಗೆ ಬಂದದ್ದು 1972ರ ಡಿಸೆಂಬರ್‌ನಲ್ಲಿ. ರಾಮಾಚಾರಿಯಾಗಿ ವಿಷ್ಣುವರ್ಧನ್, ಓಬವ್ವನಾಗಿ ಜಯಂತಿ ಕಾಣಿಸಿಕೊಂಡ ಆ ಚಿತ್ರ ದುರ್ಗದವರಿಗೆ ಮನೆಯ ಚಿತ್ರವೇ ಸರಿ.

ಅಜ್ಜ ಟಾಕೀಸಿನಲ್ಲಿ ನೋಡಿದ್ದನ್ನು ಅಪ್ಪ ವಿಡಿಯೊ ಕ್ಯಾಸೆಟ್ಟಿನಲ್ಲಿ ನೋಡಿದರು. ಅಣ್ಣ ಸಿ.ಡಿ. ಹಾಕಿ ನೋಡಿದ. ಕಾಲೇಜಿಗೆ ಹೋಗುವ ತಮ್ಮ ಇಂದು ಅಂಗೈಯಲ್ಲಿನ ಮೊಬೈಲಿನಲ್ಲಿ ನೋಡುತ್ತಾನೆ. ಚಿತ್ರ ನಮ್ಮೂರಿನದು, ನಿಜ. ಆದರೆ ಕೈಯಲ್ಲಿರುವ ಪ್ರತಿ ನಮ್ಮದೇ? ಅಂಗಡಿಯಲ್ಲಿ ಬರೆಸಿಕೊಂಡು ತಂದರೆ ತಪ್ಪು, ಮನೆಯಲ್ಲಿ ಇಳಿಸಿಕೊಂಡರೆ ಸರಿ ಎಂದು ತಿಳಿದ ಮಕ್ಕಳೂ ಇದ್ದಾರೆ, ಪಾಲಕರೂ ಇದ್ದಾರೆ.

ಒಂದು ರಾತ್ರಿಗೆ ಒಂದು ಸಿ.ಡಿ.

2000ರ ನಂತರದ ಕೆಲವು ವರ್ಷಗಳನ್ನು ನೆನೆಯಿರಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ತಾಲ್ಲೂಕು ಕೇಂದ್ರಗಳಲ್ಲಿ ಸಿ.ಡಿ. ಬಾಡಿಗೆಗೆ ಕೊಡುವ ಅಂಗಡಿಗಳಿದ್ದ ಕಾಲ ಅದು. ವಿ.ಸಿ.ಡಿ. ಒಂದರಲ್ಲಿ ಹಿಡಿಯುತ್ತಿದ್ದುದು 74ರಿಂದ 80 ನಿಮಿಷಗಳ ಚಿತ್ರ ಮಾತ್ರ. ಹಾಗಾಗಿ ಎರಡೂವರೆ ಗಂಟೆಯ ಸಿನಿಮಾಗೆ ಎರಡು ಸಿ.ಡಿ., ಅದಕ್ಕೂ ಉದ್ದವಿದ್ದರೆ ಮೂರು. ಮಧ್ಯೆ ಎದ್ದು ಸಿ.ಡಿ. ಬದಲಿಸುವುದು ಮನೆಯ ಕಿರಿಯರ ಪಾಲಿನ ಕೆಲಸ!

ಮನೆಯಲ್ಲೇ ಇಳಿಸಿಕೊಳ್ಳುವುದು ಆಗ ಸುಲಭವಿರಲಿಲ್ಲ. ಟೆಲಿಫೋನ್ ತಂತಿಯ ಡಯಲ್-ಅಪ್ ಸಂಪರ್ಕದ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. ಆ ವೇಗ ಪೂರ್ತಿ ಸಿಕ್ಕರೂ 700 ಎಂ.ಬಿ.ಯ ಒಂದು ಚಿತ್ರಕ್ಕೆ 28 ಗಂಟೆ ಬೇಕು. 2005ರಲ್ಲಿ ಬಿ.ಎಸ್.ಎನ್.ಎಲ್. ‘ಡೇಟಾಒನ್’ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಮುಂದೆ ಅದರ ಕೆಲವು ಯೋಜನೆಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8 ಗಂಟೆಯವರೆಗೆ ಎಷ್ಟು ಬೇಕಾದರೂ ಇಳಿಸಿಕೊಳ್ಳುವ ಅವಕಾಶ ಬಂತು. 256 ಕಿಲೋಬಿಟ್ ವೇಗದಲ್ಲಿ ಆ ಆರು ಗಂಟೆಗೆ ಇಳಿಯುವುದು ಸುಮಾರು 690 ಎಂ.ಬಿ., ಅಂದರೆ ಒಂದು ರಾತ್ರಿಗೆ ಸರಿಯಾಗಿ ಒಂದು ಸಿ.ಡಿ.ಯಷ್ಟು. ನಡುವೆ ಕರೆಂಟು ಹೋದರೆ ಅದೂ ಇಲ್ಲ.

ಈ ಕೊರತೆಯನ್ನು ತುಂಬಿದ್ದು ‘ಸಿ.ಡಿ. ರೈಟಿಂಗ್’ ಅಂಗಡಿಗಳು. ಕಂಪ್ಯೂಟರಿನಲ್ಲಿ ಚಿತ್ರ ಸಿದ್ಧವಿರುತ್ತಿತ್ತು. ಕೇಳಿದವರಿಗೆ ಕೆಲವೇ ನಿಮಿಷಗಳಲ್ಲಿ ಖಾಲಿ ಡಿಸ್ಕಿಗೆ ಬರೆದು ಕೊಡುತ್ತಿದ್ದರು. ಮುಂದೆ ಡಿಸ್ಕಿನ ಜಾಗಕ್ಕೆ ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಬಂದವು. ಗಿರಾಕಿಗೆ ಖುಷಿ, ಅಂಗಡಿಗೆ ಲಾಭ. ಚಿತ್ರ ಮಾಡಿದವರಿಗೆ ಮಾತ್ರ ಬಿಡಿಗಾಸೂ ಇಲ್ಲ.

ನ್ಯಾಯವಾದ ದಾರಿ ಇರಲಿಲ್ಲವೇ?

ಅಂಗಡಿಯಲ್ಲೇ ಡಿಸ್ಕ್ ಬರೆದು ಕೊಡುವುದು ಮೂಲತಃ ಕೆಟ್ಟ ಆಲೋಚನೆಯೇನೂ ಅಲ್ಲ. ಅಮೆರಿಕದಲ್ಲಿ ಅದನ್ನು ಕಾನೂನುಬದ್ಧವಾಗಿಯೇ ಮಾಡಲು ಹೊರಟಿದ್ದರು. 2006ರಲ್ಲಿ ‘ಸಿನಿಮಾನೌ’ ಎಂಬ ಸಂಸ್ಥೆ, ಹಣ ಕೊಟ್ಟು ಇಳಿಸಿಕೊಂಡ ಚಿತ್ರವನ್ನು ಮನೆಯಲ್ಲೇ ಡಿ.ವಿ.ಡಿ.ಗೆ ಬರೆದುಕೊಳ್ಳುವ ಸೌಲಭ್ಯ ನೀಡಿತು. 2007ರಲ್ಲಿ ಡಿ.ವಿ.ಡಿ.ಗಳ ಬೀಗದ ಉಸ್ತುವಾರಿ ನೋಡುವ ಸಂಸ್ಥೆಯು ಅಂಗಡಿಗಳಲ್ಲೂ ಡಿಸ್ಕ್ ಬರೆಯಲು ದಾರಿ ತೆರೆಯಿತು. ದರ್ಜಿ ಅಳತೆ ತೆಗೆದುಕೊಂಡು ಬಟ್ಟೆ ಹೊಲಿದಂತೆ, ಕೇಳಿದ ಮೇಲೆಯೇ ಡಿಸ್ಕ್ ತಯಾರು. ಅಂಗಡಿಯಲ್ಲಿ ದಾಸ್ತಾನು ಬೇಡ. ಯಾರೂ ಕೇಳದ ಹಳೆಯ ಚಿತ್ರವೂ ಒಬ್ಬನೇ ಗಿರಾಕಿ ಕೇಳಿದರೆ ಸಿಗುತ್ತದೆ.

ತೊಡಕು ಎದುರಾದದ್ದು ಬೀಗದಲ್ಲೇ. ಸಾಮಾನ್ಯ ಖಾಲಿ ಡಿ.ವಿ.ಡಿ.ಯಲ್ಲಿ, ಬೀಗದ ಕೀಲಿ ಇರಬೇಕಾದ ಜಾಗಕ್ಕೆ ಏನನ್ನೂ ಬರೆಯಲು ಬಾರದಂತೆ ತಯಾರಿಸುವಾಗಲೇ ಮುಚ್ಚಿರುತ್ತಾರೆ. ಆದ್ದರಿಂದ ‘ಕ್ಯೂಫ್ಲಿಕ್ಸ್’ ಎಂಬ ಹೊಸ ವಿಧಾನಕ್ಕೆ ವಿಶೇಷ ಡಿಸ್ಕೂ ಬೇಕು, ವಿಶೇಷ ಬರ್ನರೂ ಬೇಕು. ಅಷ್ಟರಲ್ಲಿ, ಅದೇ 2007ರಲ್ಲಿ, ಅಂಚೆಯಲ್ಲಿ ಡಿ.ವಿ.ಡಿ. ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ ಚಿತ್ರಗಳನ್ನು ಅಂತರಜಾಲದಲ್ಲೇ ನೇರವಾಗಿ ತೋರಿಸತೊಡಗಿತು. ಡಿಸ್ಕ್ ಬರೆಯುವ ಅಂಗಡಿ ಬಾಗಿಲು ತೆರೆಯುವ ಮೊದಲೇ ಗಿರಾಕಿ ಬೇರೆ ದಾರಿ ಹಿಡಿದಿದ್ದ.

ಭಾರತದಲ್ಲಿ ಬೇರೆಯದೇ ಪ್ರಯೋಗ ನಡೆಯಿತು. ಖಾಲಿ ಡಿಸ್ಕ್ ತಯಾರಿಸುತ್ತಿದ್ದ ಮೋಸರ್ ಬೇರ್ ಕಂಪೆನಿ 2007ರ ಹೊತ್ತಿಗೆ ಚಿತ್ರಗಳ ಹಕ್ಕು ಕೊಂಡು ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರತೊಡಗಿತು. ಅಸಲಿ ಮಾಲೇ ನಕಲಿಯ ಬೆಲೆಗೆ ಸಿಕ್ಕರೆ ನಕಲಿ ಯಾರಿಗೆ ಬೇಕು ಎಂಬುದು ಅದರ ಲೆಕ್ಕ. ಆ ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಡಿಸ್ಕಿನ ಕಾಲವೇ ಮುಗಿಯಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಮೊಬೈಲ್ ಡೇಟಾ ಅಗ್ಗವಾಯಿತು. 2018ರಲ್ಲಿ ಮೋಸರ್ ಬೇರ್ ಕಂಪೆನಿಯನ್ನು ಮುಚ್ಚಿ ಆಸ್ತಿ ವಿಲೇವಾರಿ ಮಾಡಲು ಆದೇಶವಾಯಿತು.

ಮನೆಯೊಳಗಿನ ಅಂಗಡಿ

ಈಗ ಅಂಗಡಿಯ ಕೆಲಸ ಮನೆಗೇ ಬಂದಿದೆ. ‘ನಾನು ನೋಡಲಿಕ್ಕಷ್ಟೇ ಇಳಿಸಿಕೊಂಡೆ, ಯಾರಿಗೂ ಮಾರಲಿಲ್ಲ’ ಎಂಬುದು ವಿದ್ಯಾರ್ಥಿಗಳ ಸಾಮಾನ್ಯ ಉತ್ತರ. ಟೊರೆಂಟ್‌ನ ಕೆಲಸ ತಿಳಿದರೆ ಈ ಉತ್ತರ ನಿಲ್ಲುವುದಿಲ್ಲ. ಅಲ್ಲಿ ಚಿತ್ರ ಒಂದೇ ಕಡೆಯಿಂದ ಬರುವುದಿಲ್ಲ. ನೂರಾರು ಕಂಪ್ಯೂಟರುಗಳಿಂದ ಚೂರು ಚೂರಾಗಿ ಬರುತ್ತದೆ. ಬಂದ ಚೂರುಗಳನ್ನು ನಮ್ಮ ಯಂತ್ರವೂ ಆ ಕ್ಷಣವೇ ಬೇರೆಯವರಿಗೆ ಕಳಿಸುತ್ತಿರುತ್ತದೆ. ಅಂದರೆ ಪಡೆಯುವವನೇ ಹಂಚುವವನೂ ಆಗಿರುತ್ತಾನೆ, ಅವನಿಗೆ ತಿಳಿಯದಂತೆಯೇ!

ಕಾನೂನು ಏನೆನ್ನುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನ ಪ್ರಕಾರ, ತಿಳಿದೂ ಹಕ್ಕು ಉಲ್ಲಂಘಿಸಿದರೆ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ. ಕರ್ನಾಟಕದ ಗೂಂಡಾ ಕಾಯ್ದೆಗೆ 2014ರ ತಿದ್ದುಪಡಿಯಲ್ಲಿ ಡಿಜಿಟಲ್ ಅಪರಾಧಿಗಳನ್ನೂ ಸೇರಿಸಲಾಯಿತು. ಚಿತ್ರಮಂದಿರದಲ್ಲಿ ಮೊಬೈಲ್ ಹಿಡಿದು ಸಿನಿಮಾ ಚಿತ್ರೀಕರಿಸುವುದಕ್ಕೆ 2023ರ ಸಿನಿಮಟೊಗ್ರಾಫ್ ತಿದ್ದುಪಡಿ ಕಾಯ್ದೆಯಲ್ಲಿ ಕನಿಷ್ಠ 3 ತಿಂಗಳ ಸೆರೆವಾಸ, ಕನಿಷ್ಠ 3 ಲಕ್ಷ ರೂಪಾಯಿ ದಂಡವಿದೆ. ಇದನ್ನು ಮೋಜಿನ ಆಟವೆಂದುಕೊಂಡ ಹುಡುಗನ ಓದು, ನೌಕರಿ ಎರಡಕ್ಕೂ ಇದು ಕುತ್ತಾಗಬಹುದು.

ಹಳೆಯ ಚಿತ್ರಕ್ಕೂ ಇದು ಅನ್ವಯಿಸುತ್ತದೆಯೇ ಎಂದು ಕೇಳಬಹುದು. ಭಾರತದಲ್ಲಿ ಚಲನಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. ಆ ಲೆಕ್ಕದಲ್ಲಿ ‘ನಾಗರಹಾವು’ ಚಿತ್ರದ ಹಕ್ಕು 2032ರ ಕೊನೆಯವರೆಗೂ ಇದೆ. ಆ ಕೋಟೆಯ ಊರಿನವರಿಗೂ ರಿಯಾಯಿತಿ ಇಲ್ಲ.

ಉಳಿಯುವುದು ಯಾವುದು?

ನ್ಯಾಯವಾಗಿ ಹಣ ಕೊಟ್ಟವರಿಗೂ ಒಂದು ಎಚ್ಚರಿಕೆ ಬೇಕು. ಚಂದಾ ಕಟ್ಟಿದ ಆ್ಯಪ್‌ನಲ್ಲಿ ‘ಡೌನ್‌ಲೋಡ್’ ಒತ್ತಿದರೆ ಚಿತ್ರ ಆ ಆ್ಯಪ್‌ನ ಒಳಗಷ್ಟೇ ಇರುತ್ತದೆ. ಅವಧಿ ಮುಗಿದರೆ ಇಲ್ಲ, ಚಂದಾ ನಿಂತರೆ ಇಲ್ಲ, ಆ ಸಂಸ್ಥೆಯ ಪ್ರಸಾರದ ಹಕ್ಕು ತೀರಿದರೂ ಇಲ್ಲ. ಅದು ಕೊಂಡದ್ದಲ್ಲ, ಬಾಡಿಗೆ. ಅಸಲಿ ಡಿಸ್ಕ್ ಹಾಗಲ್ಲ. ಒಮ್ಮೆ ಕೊಂಡರೆ ನಮ್ಮ ಕಪಾಟಿನದು.

ಆದರೆ ಡಿಸ್ಕುಗಳಲ್ಲೂ ಎರಡು ಜಾತಿ. ಕಾರ್ಖಾನೆಯ ಡಿಸ್ಕಿನಲ್ಲಿ ಮಾಹಿತಿ ಪ್ಲಾಸ್ಟಿಕ್ಕಿನಲ್ಲೇ ಅಚ್ಚಾದ ಸಣ್ಣ ಗುಳಿಗಳಾಗಿರುತ್ತದೆ. ಅಂಗಡಿಯಲ್ಲಿ ಬರೆಸಿದ ಡಿಸ್ಕಿನಲ್ಲಿ ಲೇಸರ್ ಗುರುತು ಮಾಡುವುದು ಒಂದು ಬಣ್ಣದ ಪದರದ ಮೇಲೆ. ಬಿಸಿಲು, ಸೆಕೆ, ತೇವಕ್ಕೆ ಆ ಬಣ್ಣ ಕೆಡುತ್ತದೆ. ಎಷ್ಟೋ ಮನೆಗಳ ಟ್ರಂಕಿನಲ್ಲಿರುವ ಮದುವೆ, ಗೃಹಪ್ರವೇಶದ ಸಿ.ಡಿ.ಗಳು ಈ ಎರಡನೆಯ ಜಾತಿಯವು. ಸಿನಿಮಾ ಇನ್ನೊಂದು ಕಡೆ ಸಿಕ್ಕೀತು, ತೀರಿಹೋದ ಅಜ್ಜಿ ನಗುತ್ತಿರುವ ದೃಶ್ಯ ಮತ್ತೆಲ್ಲೂ ಸಿಗದು. ಕಂಪ್ಯೂಟರ್ ಬಲ್ಲ ಮಕ್ಕಳಿಗೆ ಪಾಲಕರು ರಜೆಯಲ್ಲಿ ಈ ಕೆಲಸ ವಹಿಸಬಹುದು: ಆ ಸಿ.ಡಿ.ಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿ, ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡುವುದು. ಇದಕ್ಕೆ ಯಾರ ಅಡ್ಡಿಯೂ ಇಲ್ಲ.

ಇನ್ನು ಸಿನಿಮಾದ ಮಾತು. ಹಕ್ಕುದಾರರೇ ಯೂಟ್ಯೂಬ್‌ಗೆ ಹಾಕಿರುವ ಹಳೆಯ ಕನ್ನಡ ಚಿತ್ರಗಳು ಹಲವಿವೆ. ಅವನ್ನು ನೋಡಲು ಯಾರಿಗೂ ಅಂಜಬೇಕಿಲ್ಲ. ‘ನಾಗರಹಾವು’ 2018ರ ಜುಲೈನಲ್ಲಿ ಹೊಸ ತಂತ್ರಜ್ಞಾನದ ಸಿಂಗಾರದೊಂದಿಗೆ ಮತ್ತೆ ಚಿತ್ರಮಂದಿರಕ್ಕೆ ಬಂತು. 46 ವರ್ಷ ಹಳೆಯ ಚಿತ್ರಕ್ಕೆ ಹೀಗೆ ಹಣ ಸುರಿಯಲು ಸಾಧ್ಯವಾದದ್ದು, ಟಿಕೆಟ್ ಕೊಂಡು ನೋಡುವವರು ಇನ್ನೂ ಇದ್ದಾರೆ ಎಂಬ ನಂಬಿಕೆಯಿಂದ. ಪ್ರತಿ ಅಂಗಡಿಯದೋ, ಮನೆಯದೋ ಎಂಬುದು ದೊಡ್ಡ ಮಾತಲ್ಲ. ಅದು ಮಾಡಿದವರ ಒಪ್ಪಿಗೆಯಿಂದ ಬಂದದ್ದೇ ಎಂದು ಕೇಳಿಕೊಳ್ಳುವ ಅಭ್ಯಾಸ ಮಕ್ಕಳಿಗೆ ಬಂದರೆ, ಅವರ ಮಕ್ಕಳೂ ಓಬವ್ವನ ಕಿಂಡಿಯ ಮುಂದೆ ನಿಂತು ಆ ಸಿನಿಮಾದ ಮಾತಾಡಿಯಾರು.