ಮುಪ್ಪಿಗೊಂದು ಗಂಟು

ರಾಯಚೂರಿನ ಸಂಬಳದಾರ ನೌಕರನಿಗೂ ದೇವದುರ್ಗದ ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳಿಗೂ ಮುಪ್ಪು ಒಂದೇ ಬಗೆಯಾಗಿ ಬರುತ್ತದೆ. ಅದಕ್ಕಾಗಿ ಕೂಡಿಡುವ ಹಣಕ್ಕೆ ಸರಕಾರ ಕೊಡುವ ನೆರವು ಮಾತ್ರ ಒಂದೇ ಬಗೆಯದಲ್ಲ.

ನೌಕರನು ಆದಾಯ ತೆರಿಗೆಯ ಹಳೆಯ ಪದ್ಧತಿಯನ್ನು ಆರಿಸಿಕೊಂಡರೆ, ಭವಿಷ್ಯನಿಧಿಗೆ ಕಟ್ಟಿದ ಹಣವನ್ನು ಆದಾಯದಿಂದ ಕಳೆದು ಉಳಿದುದಕ್ಕೆ ತೆರಿಗೆ ಕೊಡುತ್ತಾನೆ. ಇತರ ಕೆಲವು ಉಳಿತಾಯಗಳೂ ಸೇರಿ ಇದರ ಮಿತಿ ವರ್ಷಕ್ಕೆ 1.5 ಲಕ್ಷ ರೂಪಾಯಿ. ಆದರೆ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದವರಿಗೆ ಈ ವಿನಾಯಿತಿಯಿಂದ ದೊರೆಯುವುದೇನು?

ಅಂಥವರಿಗಾಗಿ ಕೇಂದ್ರ ಸರಕಾರವು 2019ರಲ್ಲಿ ಶ್ರಮಯೋಗಿ ಮಾನ್‌ಧನ್ ಯೋಜನೆಯನ್ನು ಆರಂಭಿಸಿತು. ಇಲ್ಲಿ ತಿಂಗಳ ಗಳಿಕೆ 15,000 ರೂಪಾಯಿ ಮೀರಿದವರಿಗೂ ಆದಾಯ ತೆರಿಗೆ ಕಟ್ಟುವವರಿಗೂ ಪ್ರವೇಶವಿಲ್ಲ. ಸೇರುವವರ ವಯಸ್ಸು 18ರಿಂದ 40. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಮಾಲನೊಬ್ಬನು 29ನೆಯ ವಯಸ್ಸಿನಲ್ಲಿ ಸೇರಿದನೆನ್ನಿ. ಅವನು ತಿಂಗಳಿಗೆ 100 ರೂಪಾಯಿ ಕಟ್ಟಬೇಕು. ಸರಕಾರವೂ ಅಷ್ಟನ್ನೇ ಸೇರಿಸುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಪಿಂಚಣಿ. ಮೂವತ್ತೊಂದು ವರ್ಷಗಳ ಅನಂತರ ಆ ಹಣಕ್ಕೆ ಎಷ್ಟು ಸೇರು ಜೋಳ ಬಂದೀತು? ಶಿಕ್ಷಕನಾಗಿದ್ದ ನನ್ನ ನಿವೃತ್ತಿ ವೇತನವು ತುಟ್ಟಿಭತ್ಯೆಯಿಂದ ಏರುತ್ತ ಬಂದಿದೆ; ಅವನಿಗೆ ಅಂಥ ಭತ್ಯೆಯಿಲ್ಲ.

ಇನ್ನೊಂದು ತೊಡಕು ಗುಳೆಯದು. ದೇವದುರ್ಗದ ಕಡೆಯ ಅನೇಕ ಕುಟುಂಬಗಳು ಬೇಸಗೆಯಲ್ಲಿ ಕೂಲಿ ಅರಸಿ ಬೆಂಗಳೂರಿಗೆ ಹೋಗುತ್ತವೆ. ಆಗ ಕಂತು ತಪ್ಪಿದರೆ ಬಾಕಿಯನ್ನು ದಂಡಸಹಿತ ಕಟ್ಟಿ ಮುಂದುವರಿಯಬಹುದು. ಹತ್ತು ವರ್ಷ ತುಂಬುವ ಮೊದಲೇ ಬಿಟ್ಟವರಿಗೆ ತಾವು ಕಟ್ಟಿದುದು ಉಳಿತಾಯ ಖಾತೆಯ ಬಡ್ಡಿಯೊಡನೆ ಮರಳುತ್ತದೆ. ಸರಕಾರದ ಪಾಲು ಅವರ ಕೈಸೇರುವುದಿಲ್ಲ.