ಕಾಣುವ ಎತ್ತರ, ಕಾಣದ ಅಂಚು

ಸ್ಕೇಟ್‌ಬೋರ್ಡಿನ ಚಕ್ರದ ವ್ಯಾಸ ಸಾಮಾನ್ಯವಾಗಿ 50ರಿಂದ 60 ಮಿಲಿಮೀಟರ್. ಒಳಗೆ 22 ಮಿಲಿಮೀಟರಿನ ಬೇರಿಂಗು, ಸುತ್ತ ಗಟ್ಟಿ ಪಾಲಿಯುರಿಥೇನ್. ಗಾಳಿ ತುಂಬಿದ ಟಯರಿನಂತೆ ಇದು ಒತ್ತಿದರೆ ತಗ್ಗುವುದಿಲ್ಲ. ನೆಲದಲ್ಲಿ 6 ಮಿಲಿಮೀಟರ್ ಎದ್ದುನಿಂತ ಒಂದು ಅಂಚನ್ನು ತೆಗೆದುಕೊಳ್ಳಿ. ದೊಡ್ಡವರ ಸೈಕಲ್ ಚಕ್ರದ ಎತ್ತರಕ್ಕೆ ಹೋಲಿಸಿದರೆ ಅದು ನೂರರಲ್ಲಿ ಒಂದು ಭಾಗವೂ ಅಲ್ಲ. ಸವಾರನಿಗೆ ಗೊತ್ತೇ ಆಗುವುದಿಲ್ಲ. ಅದೇ ಅಂಚು 52 ಮಿಲಿಮೀಟರಿನ ಸ್ಕೇಟ್‌ಬೋರ್ಡ್ ಚಕ್ರದ ಎತ್ತರದಲ್ಲಿ ಹೆಚ್ಚುಕಡಿಮೆ ಒಂಬತ್ತನೇ ಒಂದು ಭಾಗ. ಚಕ್ರ ಅಲ್ಲೇ ತಡೆದು ನಿಲ್ಲುತ್ತದೆ, ಹಲಗೆಯೂ ನಿಲ್ಲುತ್ತದೆ, ಮೇಲಿದ್ದ ಮಗು ಮಾತ್ರ ಬಂದ ವೇಗದಲ್ಲೇ ಮುಂದಕ್ಕೆ ಹೋಗುತ್ತದೆ. ಬೀಳುವವರು ಮೊದಲು ಊರುವುದು ಕೈ. ಸ್ಕೇಟ್‌ಬೋರ್ಡಿನಿಂದ ಬಿದ್ದು ಆಸ್ಪತ್ರೆಗೆ ಬರುವ ಮಕ್ಕಳಲ್ಲಿ ಮಣಿಕಟ್ಟಿನ ಮೂಳೆ ಮುರಿದವರು ಅಷ್ಟೊಂದು ಮಂದಿ ಇರುವುದು ಇದರಿಂದಲೇ.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ತನ್ನ ಸ್ಕೇಟ್‌ಬೋರ್ಡ್ ಕೈಪಿಡಿಯಲ್ಲಿ ಎರಡು ಸಂಗತಿಗಳನ್ನು ಬಹಳ ಹಿಂದೆಯೇ ಹೇಳಿದೆ. ಬಿದ್ದು ಆಗುವ ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೆಲ ಸರಿಯಿಲ್ಲದ್ದರಿಂದ ಆಗುತ್ತವೆ. ಗಾಯಗೊಂಡವರಲ್ಲಿ ಮೂರನೇ ಒಂದರಷ್ಟು ಮಂದಿ ಹಲಗೆ ಹತ್ತಿ ಇನ್ನೂ ಒಂದು ವಾರವೂ ಆಗದವರು. ಸ್ಕೇಟ್ ಪಾರ್ಕ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಆಳದ ಕಾಂಕ್ರೀಟ್ ಬೋಗುಣಿಯಿಂದ ಆಕಾಶಕ್ಕೆ ಚಿಮ್ಮುವ ಹುಡುಗ. ಅಂಕಿ ಹೇಳುವುದು ಬೇರೆಯವರ ಕಥೆಯನ್ನು: ಕಲಿಯಲು ಬಂದವರ, ಕೆಟ್ಟ ನೆಲದ ಮೇಲೆ ಬಿದ್ದವರ ಕಥೆಯನ್ನು.

ಎತ್ತರ ಎಲ್ಲರಿಗೂ ಕಾಣುತ್ತದೆ. ಮೇಲೆ ನಿಂತವನು ಕೆಳಗೆ ನೋಡಿ, ತನ್ನಿಂದ ಆಗುತ್ತದೋ ಇಲ್ಲವೋ ಎಂದು ಅಳೆದು, ಬೇಡವೆನಿಸಿದರೆ ಹಿಂದೆ ಸರಿಯಬಹುದು. ಆ ಧೈರ್ಯ, ಆ ಹಿಂಜರಿಕೆ ಎರಡೂ ಆಟದ ಭಾಗ. ಕಾಂಕ್ರೀಟಿನ ಎರಡು ಹಾಸುಗಳು ಕೂಡುವಲ್ಲಿ ಎದ್ದ ಅಂಚನ್ನು ಹೀಗೆ ಯಾರೂ ಅಳೆಯಲಾರರು. ಅದು ಕಟ್ಟಿದವರ ತಪ್ಪು. ನೋವು ಮಾತ್ರ ಆಡುವವರದು. ಪಾರ್ಕು ಕಟ್ಟಿಸುವವರು ಈ ಎರಡು ಬಗೆಯ ಅಪಾಯಗಳನ್ನು ಬೇರೆಬೇರೆ ನೋಡಲು ಕಲಿಯದಿದ್ದರೆ ತಪ್ಪುಗಳು ಸಾಲುಸಾಲಾಗಿ ಬರುತ್ತವೆ.

ಇಂಥ ಪಾರ್ಕುಗಳ ಚರಿತ್ರೆ ಐದು ದಶಕದ್ದು. 1970ರ ದಶಕದ ಮೊದಲ ವರ್ಷಗಳಲ್ಲಿ ಜೇಡಿಮಣ್ಣಿನ ಚಕ್ರ ಹೋಗಿ ಯುರಿಥೇನ್ ಚಕ್ರ ಬಂತು, ಹಲಗೆಗೆ ಹಿಡಿತ ಸಿಕ್ಕಿತು. 1976–77ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಭೀಕರ ಬರ. ಮನೆಮನೆಯ ಈಜುಕೊಳಗಳು ಬತ್ತಿ ನಿಂತಾಗ ಹುಡುಗರು ಅವುಗಳೊಳಗೆ ಇಳಿದು ಗೋಡೆ ಹತ್ತಿಸತೊಡಗಿದರು. ಆಸ್ಟ್ರೇಲಿಯದ ಆಲ್ಬನಿ, ಅಮೆರಿಕದ ಫ್ಲಾರಿಡಾ, ಕ್ಯಾಲಿಫೋರ್ನಿಯದ ಕಾರ್ಲ್ಸ್‌ಬ್ಯಾಡ್, ಎಲ್ಲ ಕಡೆಯೂ 1976ರಲ್ಲೇ ಇದಕ್ಕೆಂದೇ ಪಾರ್ಕುಗಳು ತೆರೆದವು. ಈಜುಕೊಳವನ್ನು ಕಟ್ಟಿದ್ದು ನೀರು ನಿಲ್ಲಲಿ ಎಂದು. ಚಕ್ರ ಉರುಳಲಿ ಎಂದಲ್ಲ. ಚಕ್ರಕ್ಕೆಂದು ಕಟ್ಟುವಾಗ ಗೋಡೆ ಎಷ್ಟು ಬಾಗಬೇಕು, ತಳ ಎಷ್ಟು ಅಗಲವಿರಬೇಕು ಎಂಬುದು ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಗಾಯಗಳಾದವು, ವಿಮೆಯ ಕಂತು ಏರಿತು, 1980ರ ಆಸುಪಾಸಿನಲ್ಲಿ ಆ ಪಾರ್ಕುಗಳಲ್ಲಿ ಹೆಚ್ಚಿನವು ಮುಚ್ಚಿದವು. ಉಳಿದ ಕೆಲವೇ ಹಳೆಯವುಗಳಲ್ಲಿ ಲಂಡನ್ ಹೊರವಲಯದ ಹಾರ್ನ್‌ಚರ್ಚಿನ ರೋಮ್ ಪಾರ್ಕ್ ಒಂದು. 1978ರಲ್ಲಿ ಕಟ್ಟಿದ ಅದನ್ನು 2014ರಲ್ಲಿ ಬ್ರಿಟನ್ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು.

ಬಾಗಿದ ಗೋಡೆಯ ತುದಿಯಲ್ಲಿ ಕೂರಿಸುವ ಉಕ್ಕಿನ ಕೊಳವೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದಕ್ಕೆ ಕೋಪಿಂಗ್ ಎನ್ನುತ್ತಾರೆ. ಈಜುಕೊಳದ ದಂಡೆಯ ಕಲ್ಲಿನಿಂದ ಬಂದದ್ದು. ಸಾಮಾನ್ಯವಾಗಿ 60 ಮಿಲಿಮೀಟರ್ ಹೊರವ್ಯಾಸದ ಕೊಳವೆ. ಅದು ಗೋಡೆಯ ಮೈಯಿಂದಲೂ ಮೇಲಿನ ಕಟ್ಟೆಯಿಂದಲೂ ತುಸುವೇ ಹೊರಗೆ ಚಾಚಿರಬೇಕು, ಸುಮಾರು 6ರಿಂದ 10 ಮಿಲಿಮೀಟರ್. ಅಷ್ಟಿದ್ದರೆ ಗೋಡೆ ಹತ್ತಿಬಂದ ಚಕ್ರ ಅದಕ್ಕೆ ತಾಗಿ ಟಕ್ ಎನ್ನುತ್ತದೆ, ಅಂಚು ಬಂತೆಂದು ಕಾಲಿಗೆ ತಿಳಿಯುತ್ತದೆ. ಗಾರೆಗೆ ಸಮನಾಗಿ ಹೂತುಬಿಟ್ಟರೆ ಆ ಸೂಚನೆಯೇ ಇಲ್ಲ. ಹೆಚ್ಚು ಚಾಚಿದರೆ ಇನ್ನೂ ಕೆಟ್ಟದ್ದು. ಮೇಲೆ ಹೋದವನು ತಿರುಗಿ ಇಳಿಯುವಾಗ ಮುಂದಿನ ಚಕ್ರಗಳು ಕೊಳವೆ ದಾಟುತ್ತವೆ, ಹಿಂದಿನವು ಸಿಕ್ಕಿಕೊಳ್ಳುತ್ತವೆ. ಆಡುವವರು ಇದನ್ನು ಹ್ಯಾಂಗ್ ಅಪ್ ಎನ್ನುತ್ತಾರೆ. ಹಲಗೆ ಮೇಲೆಯೇ ಉಳಿದು ಆಡುವವನು ತಲೆಕೆಳಗಾಗಿ ತಳಕ್ಕೆ ಬೀಳುತ್ತಾನೆ. ಹೀಗೆ ಬೀಳಲು ಆಳ ಬಹಳ ಬೇಕಿಲ್ಲ. ಒಂದೂವರೆ ಮೀಟರ್ ಧಾರಾಳ. ಕೊಳವೆಯನ್ನು ಬೆಸುಗೆ ಹಾಕಿ ಸೇರಿಸಿದಲ್ಲಿ ಗಂಟು ಉಳಿದರೂ ಇದೇ ಗತಿ. ಗ್ರೈಂಡರ್ ಹಿಡಿದು ಹದ ಮಾಡಲು ಹತ್ತು ನಿಮಿಷ ಸಾಕು, ಆದರೆ ಬೆಸುಗೆಯವನಿಗೆ ಅದು ಯಾಕೆ ಬೇಕೆಂದು ಯಾರಾದರೂ ಹೇಳಿರಬೇಕಲ್ಲ!

ಗೋಡೆಯ ಬಾಗು ಒಂದು ವೃತ್ತದ ತುಣುಕು. ಒಂದೂವರೆ ಮೀಟರ್ ಎತ್ತರದಿಂದ ಇಳಿದು ತಳ ಮುಟ್ಟುವಾಗ, ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ, ವೇಗ ಗಂಟೆಗೆ 19–20 ಕಿಲೋಮೀಟರ್. ಬಾಗಿನ ತ್ರಿಜ್ಯ 2.1 ಮೀಟರ್ ಇದ್ದರೆ ಕೆಳತುದಿಯಲ್ಲಿ ಕಾಲಿನ ಮೇಲೆ ಬೀಳುವ ಭಾರ ಮೈತೂಕದ ಸುಮಾರು ಎರಡೂವರೆ ಪಟ್ಟು. ಭಾರ ಹದವಾಗಿ ಏರಿದರೆ ಮೊಣಕಾಲು ಅದನ್ನು ತಾಳಿಕೊಳ್ಳುತ್ತದೆ. ಮೇಸ್ತ್ರಿ ಕಣ್ಣಳತೆಯಲ್ಲಿ ಗಾರೆ ಎಳೆದು ನಡುವೆ ಒಂದು ಕಡೆ ಚಪ್ಪಟೆ, ಒಂದು ಕಡೆ ಮುರಿವು ಬಿಟ್ಟಿದ್ದರೆ ಆ ಭಾರ ಒಮ್ಮೆಲೇ ಬಂದು ಗುದ್ದುತ್ತದೆ. ಹೊರಗೆ ನಿಂತು ನೋಡಿದರೆ ಗೋಡೆ ಸುಂದರವಾಗಿಯೇ ಕಾಣುತ್ತದೆ. ಆದ್ದರಿಂದಲೇ ಬಲ್ಲವರು ಪ್ಲೈವುಡ್ಡಿನಲ್ಲಿ ಬಾಗಿನ ಅಚ್ಚು ಕತ್ತರಿಸಿಟ್ಟುಕೊಂಡು, ಒತ್ತಡದಲ್ಲಿ ಸಿಂಪಡಿಸಿದ ಕಾಂಕ್ರೀಟನ್ನು ಅಚ್ಚಿಗೆ ಸರಿಯಾಗಿ ಕೆರೆದು, ಉಕ್ಕಿನ ಕರಣೆಯಲ್ಲಿ ನಯ ಮಾಡುತ್ತಾರೆ.

ಎದುರುಬದುರು ಗೋಡೆಗಳ ನಡುವಿನ ಸಮತಟ್ಟು ಜಾಗದಲ್ಲಿ ಜಿಪುಣತನ ಮಾಡುವುದು ಇನ್ನೊಂದು ಸಾಮಾನ್ಯ ತಪ್ಪು. ಅದೇ ವೇಗದಲ್ಲಿ 3 ಮೀಟರ್ ದಾಟಲು ಬೇಕಾದದ್ದು ಸುಮಾರು ಅರ್ಧ ಸೆಕೆಂಡು. ಅಷ್ಟರಲ್ಲಿ ಕಾಲು ಸರಿಪಡಿಸಿಕೊಂಡು ಮುಂದಿನ ಗೋಡೆಗೆ ಸಿದ್ಧನಾಗಲು ನುರಿತವನಿಗೂ ಕಷ್ಟ. ಸಣ್ಣ ಜಾಗದಲ್ಲಿ ಎಲ್ಲವೂ ಇರಲಿ ಎಂದು ಮೆಟ್ಟಿಲು, ಕಂಬಿ, ದಿಬ್ಬ, ಬೋಗುಣಿ ಎಲ್ಲವನ್ನೂ ತುರುಕಿದ ನಕ್ಷೆಗಳನ್ನು ನೋಡಿದರೆ ನನಗೆ ಭಯವಾಗುತ್ತದೆ. ಪ್ರತಿಯೊಂದೂ ಬಿಡಿಯಾಗಿ ಸರಿ. ಒಂದರಿಂದ ಹಾರಿದವನು ಇಳಿಯುವ ಜಾಗ ಮತ್ತೊಂದಕ್ಕೆ ಓಡಿಬರುವವನ ದಾರಿಯಾಗಿರುತ್ತದೆ. ದಿಬ್ಬದ ಆಚೆ ಯಾರು ಬರುತ್ತಿದ್ದಾರೆಂದು ಈಚೆಯವನಿಗೆ ಕಾಣುವುದಿಲ್ಲ. ಇಳಿದು ಉರುಳುವ ದಿಕ್ಕಿನಲ್ಲೇ ಬೇಲಿ, ಬೆಂಚು, ದೀಪದ ಕಂಬ. ಗೇಟು ತೆರೆದುಕೊಳ್ಳುವುದೂ ಅಲ್ಲಿಗೇ. ಅಣ್ಣನನ್ನು ಹುಡುಕುತ್ತ ಬಂದ ಮೂರು ವರ್ಷದ ತಂಗಿ ನೇರ ಆ ಓಟದೊಳಕ್ಕೆ ನಡೆದುಬರುತ್ತಾಳೆ. ಕಾಗದದ ಮೇಲೆ ಸಾಮಾನು ಜೋಡಿಸಿದವರು ಜನ ಚಲಿಸುವ ಗೆರೆಗಳನ್ನು ಎಳೆದು ನೋಡಿದ್ದರೆ ಇದು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಕಲಿಯುವವರಿಗೆ ಬೇರೆ ಜಾಗ ಬಿಡದಿರುವುದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ದೋಷ. ಗಾಯಗೊಳ್ಳುವವರಲ್ಲಿ ಮೂರನೇ ಒಂದರಷ್ಟು ಮಂದಿ ಮೊದಲ ವಾರದವರೇ ಎಂದಾದರೆ, ಗೇಟಿಗೆ ಹತ್ತಿರದಲ್ಲೇ, ದೊಡ್ಡವರ ಓಟಕ್ಕೆ ಸಿಗದಂತೆ, ಮೊಣಕಾಲೆತ್ತರದ ಇಳಿಜಾರುಗಳಿರುವ ಅಂಗಳವೊಂದು ಬೇಕೇಬೇಕು. ಅಂಥ ಅಂಗಳ ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ, ಉದ್ಘಾಟನೆಯ ದಿನ ಯಾರೂ ಅದರ ಮುಂದೆ ನಿಲ್ಲುವುದಿಲ್ಲ. ಹಣ ಸಾಲದೆ ಬಂದಾಗ ಅಂದಾಜು ಪಟ್ಟಿಯಿಂದ ಮೊದಲು ಹಾರಿಹೋಗುವುದೂ ಅದೇ.

ನೀರಿನದೂ ಒಂದು ಮಾತು. ಬೋಗುಣಿಯ ತಳಕ್ಕೆ ಕಣ್ಣಿಗೆ ಕಾಣದಷ್ಟು ಓಟ ಕೊಟ್ಟು ನೀರನ್ನು ಒಂದು ಬಿಂದುವಿಗೆ ತರಬೇಕು. ಅಲ್ಲಿನ ಜಾಲರಿ ನೆಲಕ್ಕೆ ಸಮನಾಗಿರಬೇಕು, ಸೀಳುಗಳು ಚಕ್ರ ಸಿಕ್ಕದಷ್ಟು ಕಿರಿದಾಗಿರಬೇಕು. ಒಣ ಹವೆಯಲ್ಲಿ ಕ್ಯೂರಿಂಗ್‌ಗೆ ಸರಿಯಾಗಿ ನೀರು ಹಿಡಿಯದ ಕಾಂಕ್ರೀಟ್ ಬಿರುಕು ಬಿಡುತ್ತದೆ. ರಸ್ತೆಗೂ ಕಾಲುದಾರಿಗೂ ಬಿಡುವ ಅಗಲವಾದ ಸಂದುಗಳನ್ನು ಇಲ್ಲಿಯೂ ಬಿಟ್ಟರೆ ಆಟ ಮುಗಿಯಿತು. ಕಾರ್ಖಾನೆಯಲ್ಲಿ ಮಾಡಿ ತಂದು ಹಳೆಯ ಟೆನಿಸ್ ಅಂಗಳದ ಮೇಲೆ ಇಡುವ ರಾಂಪುಗಳಲ್ಲಿ ನೆಲ ಮುಟ್ಟುವ ತಗಡಿನ ಅಂಚು ಕಾಲಕ್ರಮದಲ್ಲಿ ಸುರುಳಿ ಏಳುತ್ತದೆ, ತಿರುಪು ಮೊಳೆಗಳು ತಲೆ ಎತ್ತುತ್ತವೆ. ನಮ್ಮ ಬಿಸಿಲಲ್ಲಿ ಆ ತಗಡು ರೊಟ್ಟಿ ಹಂಚಿನಂತೆ ಕಾಯುತ್ತದೆ. ಬಿದ್ದವನ ಅಂಗೈಗೆ ತರಚಿನ ಜೊತೆಗೆ ಸುಟ್ಟ ಗಾಯವೂ ಆಗಬಹುದು.

1998ರಲ್ಲಿ ಜಾರಿಗೆ ಬಂದ ಕ್ಯಾಲಿಫೋರ್ನಿಯದ ಕಾನೂನೊಂದು ಈ ವಿಷಯದಲ್ಲಿ ಓದಲು ಯೋಗ್ಯ. ಸಾರ್ವಜನಿಕ ಪಾರ್ಕಿನಲ್ಲಿ 14 ದಾಟಿದವರು ಸ್ಕೇಟ್‌ಬೋರ್ಡಿನ ಕಸರತ್ತು ಮಾಡುವಾಗ ಗಾಯಗೊಂಡರೆ ನಗರಾಡಳಿತ ಹೊಣೆಯಲ್ಲ ಎಂದು ಅದು ಹೇಳಿತು. ವಿಮೆಯ ಭಯ ಇಳಿದು ಊರೂರಲ್ಲಿ ಪಾರ್ಕುಗಳು ಎದ್ದವು. ಆದರೆ ಅದೇ ಕಾನೂನು, ಆಟದ ಸಹಜ ಭಾಗವಲ್ಲದ ಅಪಾಯ ಗೊತ್ತಿದ್ದೂ ಎಚ್ಚರಿಸದ ಆಡಳಿತಕ್ಕೆ, ಸರಿಯಾಗಿ ಕಟ್ಟದ, ದುರಸ್ತಿ ಮಾಡದ ಆಡಳಿತಕ್ಕೆ ಈ ರಕ್ಷಣೆ ಕೊಡಲಿಲ್ಲ. ತಿಳಿದುಬಂದ ಪ್ರತಿ ಗಾಯದ ದಾಖಲೆ ಇಡಬೇಕೆಂದೂ ಹೇಳಿತು. ಗೇಟಿಗೆ ‘ಗಾಯಗಳಿಗೆ ಆಡುವವರೇ ಹೊಣೆ’ ಎಂಬ ಫಲಕ ತೂಗುಹಾಕಿ ಕೈತೊಳೆದುಕೊಳ್ಳುವವರು ಈ ಎರಡನೆಯ ಭಾಗವನ್ನು ಓದಬೇಕು.

ಕಟ್ಟುವ ವಿಧಾನವೂ ಈಗ ಗುಟ್ಟಾಗಿ ಉಳಿದಿಲ್ಲ. ಯುರೋಪಿನಲ್ಲಿ ಇಎನ್ 14974 ಎಂಬ ಮಾನದಂಡವಿದೆ. ಅಮೆರಿಕದಲ್ಲಿ ನೆಲದ ಮೇಲಿನ ರಾಂಪುಗಳಿಗೆ ಎಎಸ್‌ಟಿಎಂ ಎಫ್ 2334, ನೆಲದೊಳಗಿನ ಕಾಂಕ್ರೀಟ್ ಪಾರ್ಕುಗಳಿಗೆ ಎಫ್ 2480. ಇದರ ಜೊತೆಗೆ ಬೇಕಾದದ್ದು ಹಲಗೆ ಹತ್ತಿ ಬಲ್ಲ ಕೈಗಳು. 1990ರಲ್ಲಿ ಪೋರ್ಟ್‌ಲ್ಯಾಂಡಿನ ಬರ್ನ್‌ಸೈಡ್ ಸೇತುವೆಯ ಕೆಳಗೆ ಆಟಗಾರರೇ ಅಪ್ಪಣೆಯಿಲ್ಲದೆ ಕಾಂಕ್ರೀಟ್ ಕಲಸಿ ಒಂದೊಂದೇ ಗೋಡೆ ಎಬ್ಬಿಸಿದರು. ನಗರ ಅದನ್ನು ಕೆಡವದೆ ಆಮೇಲೆ ಒಪ್ಪಿಕೊಂಡಿತು. ಅಲ್ಲಿ ಪಳಗಿದವರು ಮುಂದೆ ಪಾರ್ಕು ಕಟ್ಟುವುದನ್ನೇ ಕಸುಬು ಮಾಡಿಕೊಂಡರು. ಬೆಂಗಳೂರಿನಲ್ಲಿಯೂ ಹೋಲಿ ಸ್ಟೋಕ್ಡ್ ಎಂಬ ಆಟಗಾರರ ಬಳಗ 2013ರಲ್ಲಿ ಹೊರದೇಶದ ಕಟ್ಟುಗರ ಜೊತೆ ಸೇರಿ ಎಲ್ಲರೂ ಆಡಬಹುದಾದ ಪಾರ್ಕೊಂದನ್ನು ಕಟ್ಟಿತು, ಬಳಿಕ ದೇಶದ ಬೇರೆ ಕಡೆಗಳಲ್ಲೂ ಕಟ್ಟಿತು. ನಮ್ಮ ಊರುಗಳಿಗೆ ರೋಲರ್ ಸ್ಕೇಟಿಂಗ್ ರಿಂಕ್ ಹೆಚ್ಚು ಪರಿಚಿತ. ರಿಂಕ್ ಒಂದು ಸಮತಟ್ಟಾದ ಅಂಗಳ. ಅದನ್ನು ಚೆನ್ನಾಗಿ ಕಟ್ಟಿದ ಗುತ್ತಿಗೆದಾರ ಬೋಗುಣಿಯನ್ನೂ ಕಟ್ಟಬಲ್ಲ ಎಂದುಕೊಳ್ಳಬಾರದು.

ಕಟ್ಟಿ ಮುಗಿದ ಪಾರ್ಕನ್ನು ಪರೀಕ್ಷಿಸಲು ನಗರಸಭೆಯ ಸದಸ್ಯರಿಗೂ ತಾಯಿತಂದೆಯರಿಗೂ ದೊಡ್ಡ ಸಲಕರಣೆ ಬೇಕಿಲ್ಲ. ಕೋಪಿಂಗ್ ಉದ್ದಕ್ಕೂ ಅಂಗೈ ಆಡಿಸಿದರೆ ಗಂಟುಗಳು ತಿಳಿಯುತ್ತವೆ. ಪ್ಲೈವುಡ್ಡಿನ ಅಚ್ಚನ್ನು ಗೋಡೆಗೆ ಒತ್ತಿಹಿಡಿದರೆ ನಡುವೆ ಎಲ್ಲಿ ಬೆಳಕು ತೂರುತ್ತದೋ ಅಲ್ಲಿ ಬಾಗು ತಪ್ಪಿದೆ. ಎರಡು ಬಿಂದಿಗೆ ನೀರು ಸುರಿದರೆ ಎಲ್ಲಿ ಮಡುಗಟ್ಟುತ್ತದೆಂದು ಕಾಣುತ್ತದೆ. ಸಂಜೆ ದೀಪ ಹಾಕಿಸಿ ನೋಡಬೇಕು: ಒಂದೇ ಕಡೆಯಿಂದ ಬೆಳಕು ಬಿದ್ದರೆ ಬೋಗುಣಿಯ ಅರ್ಧ ಕತ್ತಲಲ್ಲಿ ಮುಳುಗಿರುತ್ತದೆ. ಸಂದಿನ ಅಂಚನ್ನು ಉಜ್ಜಿ ಎಪಾಕ್ಸಿ ತುಂಬುವುದು, ಎದ್ದ ತಗಡನ್ನು ಬಡಿದು ಕೂರಿಸುವುದು ಒಂದು ದಿನದ ಕೆಲಸ. ಅದು ಆಗುವವರೆಗೆ ಅಷ್ಟು ಭಾಗಕ್ಕೆ ಹಗ್ಗ ಕಟ್ಟಿದರಾಯಿತು. ಓಟಗಳು ಒಂದಕ್ಕೊಂದು ಅಡ್ಡ ಹಾಯುವ ನಕ್ಷೆಯ ದೋಷಕ್ಕೆ ಎಪಾಕ್ಸಿ ಇಲ್ಲ, ನಡುವಿನ ದಿಬ್ಬವೊಂದನ್ನು ಒಡೆದು ತೆಗೆಯಬೇಕಾಗುತ್ತದೆ. ಯಾವುದನ್ನು ಒಡೆಯಬೇಕೆಂದು ಗೊತ್ತಾಗಬೇಕಾದರೆ ಗಾಯದ ದಾಖಲೆ ಬೇಕು. ಅದರಲ್ಲಿ ಬಿದ್ದವರ ವಯಸ್ಸು, ಹೊತ್ತು, ಎಲ್ಲಕ್ಕಿಂತ ಮುಖ್ಯವಾಗಿ ಬಿದ್ದ ಜಾಗ ಇರಬೇಕು. ಗೇಟಿನ ಬಳಿ ಪಾರ್ಕಿನ ನಕ್ಷೆ ತೂಗುಹಾಕಿ, ಪ್ರತಿ ಸಲ ಬಿದ್ದ ಕಡೆ ಒಂದು ಚುಕ್ಕೆ ಇಡುವಂತೆ ಆಡುವ ಮಕ್ಕಳಿಗೇ ಹೇಳಿದರೆ, ಅದನ್ನು ಅವರು ಯಾವ ಗುಮಾಸ್ತರಿಗಿಂತಲೂ ನಿಷ್ಠೆಯಿಂದ ಮಾಡುತ್ತಾರೆ.