ಡ್ರೈವರ್ ಬದಲಿಸುವ ಮುನ್ನ ಪೆಟ್ಟಿಗೆ ನೋಡಿ

ಮನೆಯಲ್ಲೇ ಸ್ಪೀಕರ್ ಕಟ್ಟಿಕೊಳ್ಳುವವರು ಸದ್ದು ಸರಿಯಿಲ್ಲ ಅನ್ನಿಸಿದ ಕೂಡಲೇ ದೂರುವುದು ಸದ್ದು ಹೊಮ್ಮಿಸುವ ಡ್ರೈವರನ್ನು. ಆದರೆ ಡ್ರೈವರಿನ ಕೋನ್ ಮುಂದಕ್ಕೆ ಹೊಮ್ಮಿಸುವಷ್ಟೇ ಸದ್ದನ್ನು ಹಿಂದಕ್ಕೆ, ಪೆಟ್ಟಿಗೆಯೊಳಕ್ಕೂ ಹೊಮ್ಮಿಸುತ್ತದೆ. ಅದು ಹಲಗೆಗಳನ್ನು ನಡುಗಿಸುತ್ತದೆ. ಒಳಗೆಲ್ಲ ಬಡಿದಾಡಿ, ತೆಳುವಾದ ಕೋನ್ ಹಾದು ತುಸು ತಡವಾಗಿ ಹೊರಬೀಳುತ್ತದೆ. ವೀಣೆಯ ಕೊಡ ತಂತಿಗೆ ತನ್ನ ನಾದ ಸೇರಿಸಬೇಕು. ಸ್ಪೀಕರ್ ಪೆಟ್ಟಿಗೆ ಏನನ್ನೂ ಸೇರಿಸಬಾರದು. ಹೊಸ ಡ್ರೈವರಿಗೆ ದುಡ್ಡು ಸುರಿಯುವ ಮೊದಲು ಪೆಟ್ಟಿಗೆಯನ್ನು ಸುಮ್ಮನಾಗಿಸಿ, ಅದಕ್ಕೆ ತಕ್ಕ ಜಾಗ ಹುಡುಕುವುದೇ ಜಾಣತನ.

ಪಕ್ಕದ ಹಲಗೆಯ ನಡುವಿಗೆ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ. ‘ಡಂ’ ಎಂದು ಎಳೆದರೆ ಹಲಗೆ ಹಾಡುತ್ತಿದೆ. ‘ಟಕ್’ ಎಂದು ನಿಂತರೆ ಚಿಂತೆಯಿಲ್ಲ. ದಪ್ಪ ಹಲಗೆ ಹಾಕಿದರೆ ಸಾಲದೇ ಎನ್ನಬಹುದು. ದಪ್ಪ ಹಲಗೆ ಕಂಪನವನ್ನು ಮೇಲಿನ ಸ್ಥಾಯಿಗೆ ದೂಡುತ್ತದೆಯೇ ಹೊರತು ಅಡಗಿಸುವುದಿಲ್ಲ. 1970ರ ದಶಕದಲ್ಲಿ ಬಿಬಿಸಿ ಎಂಜಿನಿಯರುಗಳು ಎಲ್‌ಎಸ್ 3/5ಎ ಎಂಬ ಪುಟ್ಟ ಸ್ಪೀಕರಿಗೆ ತೆಳು ಬರ್ಚ್ ಪ್ಲೈವುಡ್ಡನ್ನೇ ಆರಿಸಿ, ಒಳಮೈಗೆ ಬಿಟುಮೆನ್ ಹಾಳೆ ಅಂಟಿಸಿದರು. ಹಲಗೆ ಬಾಗಿದಾಗ ಆ ಮೆತ್ತನೆಯ ಪದರ ಕಂಪನವನ್ನು ಶಾಖವಾಗಿಸಿ ಕರಗಿಸುತ್ತದೆ. ಒಳಗಿನ ಗಾಳಿಯ ಗದ್ದಲಕ್ಕೆ ಮದ್ದು ಬೇರೆ: ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಮುಚ್ಚಿದ ಪುಟ್ಟ ಪೆಟ್ಟಿಗೆಯಿಂದ ಆಳವಾದ ಬೇಸ್ ಹೊರಡಿಸಿದಾಗ ಗಾಜಿನ ನಾರು ತುಂಬಿದ್ದರು. ಎಳೆಗಳು ಗಾಳಿಯ ಶಾಖವನ್ನು ಹೀರಿ ಬಿಡುವುದರಿಂದ ಪೆಟ್ಟಿಗೆ ತನ್ನ ಅಳತೆಗಿಂತ ತುಸು ದೊಡ್ಡದರಂತೆ ವರ್ತಿಸುತ್ತದೆ. ಹಾಗಂತ ಗಿಡಿದು ತುಂಬಿದರೆ ಲಾಭ ತಿರುಗುಮುರುಗಾಗುತ್ತದೆ. ಪೋರ್ಟ್ (ಗಾಳಿಯಾಡುವ ಕೊಳವೆ) ಇರುವ ಪೆಟ್ಟಿಗೆಯಲ್ಲಂತೂ ಗೋಡೆಗಳಿಗಷ್ಟೇ ಹೊದಿಸಿ, ಪೋರ್ಟಿನ ದಾರಿ ಬಿಡಬೇಕು.

ಇನ್ನು ಜಾಗ. ಗೋಡೆಗೆ ಒತ್ತಿಟ್ಟರೆ ಬೇಸ್ ಉಬ್ಬುತ್ತದೆ, ಮೂಲೆಯಲ್ಲಿ ಇನ್ನೂ ಹೆಚ್ಚು. ಸ್ವಲ್ಪ ದೂರವಿಟ್ಟರೆ ಬೇರೊಂದು ತೊಡಕು: ಕೋನ್ ಹಿಂಗೋಡೆಯಿಂದ 86 ಸೆಂ.ಮೀ. ದೂರದಲ್ಲಿದ್ದರೆ, ಗೋಡೆಗೆ ತಾಗಿ ಮರಳುವ ಸುಮಾರು 100 ಹರ್ಟ್ಸ್‌ನ ಅಲೆ ಅರ್ಧ ಅಲೆಯಷ್ಟು ಹಿಂದೆ ಬಿದ್ದು ನೇರ ಸದ್ದನ್ನೇ ಅಳಿಸುತ್ತದೆ. ಈಕ್ವಲೈಸರ್ ಇದೆಯಲ್ಲ ಎನ್ನುವವರುಂಟು. ಉಬ್ಬನ್ನು ಅದು ಇಳಿಸಬಲ್ಲದು. ಈ ಹಳ್ಳವನ್ನು ಮಾತ್ರ ತುಂಬಲಾರದು. ಏಕೆಂದರೆ ಸ್ಪೀಕರಿಗೆ ಎಷ್ಟು ಶಕ್ತಿ ಕೊಟ್ಟರೂ ಅಳಿಸುವ ಅಲೆಯೂ ಅಷ್ಟೇ ಬಲಿಯುತ್ತದೆ. ಅದೇ ಸ್ಪೀಕರನ್ನು 43 ಸೆಂ.ಮೀ.ಗೆ ಸರಿಸಿದರೆ ಹಳ್ಳ 200 ಹರ್ಟ್ಸ್‌ಗೆ ಹೋಗುತ್ತದೆ. ಇದಕ್ಕೆ ಬೇಕಾದದ್ದು ಅಳತೆಯ ಟೇಪು ಮತ್ತು ತಾಳ್ಮೆ ಮಾತ್ರ. ಇಷ್ಟೆಲ್ಲ ಆದ ಮೇಲೂ ಸದ್ದು ಒರಟಾಗಿಯೇ ಉಳಿದರೆ ಡ್ರೈವರನ್ನು ದೂರಬಹುದು. ಅದಕ್ಕೂ ಮೊದಲಿನ ದೂರಿಗೆ ಪುರಾವೆಯಿಲ್ಲ.